‘ಎರಡು ತಟ್ಟೆ ಬೇಕಿರಲಿಲ್ಲ’: ಪ್ರಾಗ್ ರಾಕ್ ಕೇಳುಗರ ಒಪ್ಪದ ಮಾತುಗಳು ಎಲ್ಲಿಂದ ಹುಟ್ಟುತ್ತವೆ

ಇಂಗ್ಲಿಷ್ ರಾಕ್ ತಂಡ ಯೆಸ್‌ನ ‘ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್’ ಆಲ್ಬಂ 1973ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಹೊರಬಂತು. ಎರಡು ಎಲ್‌ಪಿ ತಟ್ಟೆ (ಗ್ರಾಮಫೋನ್ ರೆಕಾರ್ಡು), ನಾಲ್ಕು ಬದಿ, ಬದಿಗೊಂದರಂತೆ ನಾಲ್ಕೇ ರಚನೆ, ಒಟ್ಟು ಸುಮಾರು 81 ನಿಮಿಷ. ಮುಂಗಡ ಬೇಡಿಕೆಯ ಬಲದಿಂದಲೇ ಅದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಐವತ್ತು ವರ್ಷ ದಾಟಿದರೂ ಅದರ ಮೇಲಿನ ವಾದ ಮುಗಿದಿಲ್ಲ. ಒಂದು ತಟ್ಟೆಗೆ ಸಾಕಾಗುವ ಸಂಗೀತವನ್ನು ಎರಡಕ್ಕೆ ಎಳೆದರು ಎನ್ನುವವರು ಹೆಚ್ಚು. ತಂಡದ ಅತ್ಯುತ್ತಮ ಕೆಲಸ ಇದೇ ಎನ್ನುವವರು ಕಡಿಮೆ, ಆದರೆ ಅವರು ಹಟ ಬಿಡುವುದಿಲ್ಲ.

ಪ್ರೊಗ್ರೆಸಿವ್ ರಾಕ್, ಕೇಳುಗರ ಬಾಯಲ್ಲಿ ‘ಪ್ರಾಗ್’, 1960ರ ದಶಕದ ಕೊನೆಗೆ ಮುಖ್ಯವಾಗಿ ಇಂಗ್ಲೆಂಡಿನಲ್ಲಿ ರೂಪ ಪಡೆದ ಸಂಗೀತ. ರಾಕ್ ವಾದ್ಯಗಳ ಮೇಲೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಟ್ಟಡ, ಜಾಜ್‌ನ ಮನೋಧರ್ಮ, ಇಪ್ಪತ್ತು ನಿಮಿಷದ ರಚನೆಗಳು, ನಾಲ್ಕರ ಎಣಿಕೆಗೆ ಬಗ್ಗದ ತಾಳಗಳು ಅದರ ಗುರುತು. ಇಲ್ಲಿ ‘ಎಲ್ಲರೂ ಹೊಗಳುವ ಆ ಆಲ್ಬಂ ನನಗೆ ಹಿಡಿಸಲಿಲ್ಲ’ ಎಂಬಂಥ, ಹೆಚ್ಚಿನವರು ಒಪ್ಪದ ಮಾತಿಗೆ ರುಚಿಯೊಂದೇ ಆಧಾರವಾದರೆ ಚರ್ಚೆ ಅಲ್ಲೇ ನಿಲ್ಲುತ್ತದೆ. ಆದರೆ ಅಂಥ ಮಾತುಗಳ ಹಿಂದೆ ಬಹಳ ಸಲ ತಟ್ಟೆಯ ಅಳತೆ, ಧ್ವನಿಮುದ್ರಣದ ಕ್ರಮ, ಮಿಕ್ಸಿಂಗ್ (ಬೇರೆ ಬೇರೆ ಮುದ್ರಿಸಿದ ವಾದ್ಯಗಳನ್ನು ಹದವಾಗಿ ಬೆರೆಸುವುದು) ಅಥವಾ ಹಾಡುಗಾರ ಬದಲಾದ ಸಂದರ್ಭ ಕಾರಣವಾಗಿ ಇರುತ್ತದೆ. ಆ ಕಾರಣವನ್ನು ನಿಮಿಷ ಸಮೇತ ತೋರಿಸುವ ಒಪ್ಪದ ಮಾತು, ಹತ್ತು ಹೊಗಳಿಕೆಗಳಿಗಿಂತ ಹೆಚ್ಚನ್ನು ಕಲಿಸುತ್ತದೆ.

ತಟ್ಟೆಯ ಲೆಕ್ಕ

ಎಲ್‌ಪಿ ನಿಮಿಷಕ್ಕೆ ಮೂವತ್ಮೂರೂ ಮೂರನೇ ಒಂದು ಸುತ್ತು ತಿರುಗುತ್ತದೆ. ಮುಳ್ಳು ಹೊರ ಅಂಚಿನಿಂದ ಒಳಗೆ ಸಾಗುತ್ತದೆ. ಹೊರ ಅಂಚಿನಲ್ಲಿ ಅದರ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದುಹೋಗುತ್ತದೆ. ನಡುವಿನ ಚೀಟಿಯ ಹತ್ತಿರ ಬರುವಾಗ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊರೆಯಬೇಕಾಗುವುದರಿಂದ ಸಿಂಬಲ್‌ನ ಮಿನುಗು, ‘ಸ’ಕಾರದ ಚೂಪು ಮೊದಲಾದ ಮೇಲಿನ ಸ್ವರಾಂಶಗಳು ಬದಿಯ ಕೊನೆಗೆ ಮಂಕಾಗುತ್ತವೆ. ಇನ್ನು ಬೇಸ್ ಗಿಟಾರಿನ ಗಟ್ಟಿ ನಾದಕ್ಕೆ ಗೀರು ಅಗಲವಾಗಿ ಓಲಾಡಬೇಕು, ಆಗ ಪಕ್ಕದ ಗೀರಿನಿಂದ ದೂರವೂ ಬೇಕು. ಹೀಗಾಗಿ ಬದಿಗೆ 18-20 ನಿಮಿಷ ಇಟ್ಟರೆ ದನಿ ತುಂಬಿ ಬರುತ್ತದೆ. 22 ದಾಟಿದಂತೆ ಇಡೀ ಬದಿಯ ಮಟ್ಟವನ್ನು ತಗ್ಗಿಸಬೇಕಾಗುತ್ತದೆ, ಇಲ್ಲವೇ ಬೇಸ್ ಕಡಿಮೆ ಮಾಡಬೇಕಾಗುತ್ತದೆ.

ಪ್ರಾಗ್‌ನ ಪ್ರಸಿದ್ಧ ದೀರ್ಘ ರಚನೆಗಳಲ್ಲಿ ಹೆಚ್ಚಿನವು ಈ ಲೆಕ್ಕದೊಳಗೆ ಬೆಳೆದವು. ಯೆಸ್‌ನ ‘ಕ್ಲೋಸ್ ಟು ದಿ ಎಡ್ಜ್’ (1972) ಸುಮಾರು 18 ಮುಕ್ಕಾಲು ನಿಮಿಷ, ಎಮರ್ಸನ್ ಲೇಕ್ ಆ್ಯಂಡ್ ಪಾಮರ್ ತಂಡದ ‘ಟಾರ್ಕಸ್’ (1971) 20 ಮುಕ್ಕಾಲು, ರಶ್ ತಂಡದ ‘2112’ (1976) 20 ಅರೆ. ಎರಡೂ ಬದಿ ತುಂಬಿಸಬೇಕಾದ ಒತ್ತಾಯದಿಂದ ಹುಟ್ಟಿದ ದೂರು ಒಂದಿದೆ: ‘ಟಾರ್ಕಸ್’ ತಟ್ಟೆಯ ಮೊದಲ ಬದಿ ಮಾತ್ರ ಸಾಕು. ಅದು ಹೆಚ್ಚು ಕಡಿಮೆ ನ್ಯಾಯವಾದ ದೂರೇ. ಐದರ ನಡೆಯಲ್ಲಿ ಕುದಿಯುವ ಆರಂಭ ಇರುವ ಮೊದಲ ಬದಿಯ ಪಕ್ಕದಲ್ಲಿ ಎರಡನೇ ಬದಿಯ ‘ಜೆರೆಮಿ ಬೆಂಡರ್’, ‘ಆರ್ ಯು ರೆಡಿ, ಎಡ್ಡಿ?’ ತರಹದ ಚುಟುಕುಗಳು ಬೇರೆ ಮನೆಯ ಮಕ್ಕಳಂತೆ ಕಾಣುತ್ತವೆ. ಅದೇ ತಂಡದ ‘ಕಾರ್ನ್ ಈವಿಲ್ 9’ (1973) ಹತ್ತಿರ ಹತ್ತಿರ 30 ನಿಮಿಷದ್ದು, ಒಂದು ಬದಿಯಲ್ಲಿ ಹಿಡಿಸಲಾರದೆ ನಡುವೆ ತುಂಡಾಯಿತು. ತಟ್ಟೆ ಮಗುಚಿ ಹಾಕಿದ ಕೇಳುಗನನ್ನು ಎರಡನೇ ಬದಿ ಮರಳಿ ಸ್ವಾಗತಿಸುವ ಸಾಲಿನಿಂದಲೇ ಶುರುವಾಗುತ್ತದೆ.

ಈಗ ‘ಟೇಲ್ಸ್’ಗೆ ಮರಳೋಣ. ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಈ ಆಲ್ಬಂ ಬಗ್ಗೆ ಮೊದಲಿನಿಂದಲೂ ಅಸಮಾಧಾನ ಹೇಳಿಕೊಂಡೇ ಬಂದವರು. ಅವರ ವಾದ ಲೆಕ್ಕದ್ದು: ತಂಡದ ಬಳಿ ಇದ್ದ ಸಂಗೀತ ಒಂದು ತಟ್ಟೆಗೆ ಹೆಚ್ಚಾಗಿತ್ತು, ಎರಡಕ್ಕೆ ಕಡಿಮೆಯಾಗಿತ್ತು, ಉಳಿದ ಜಾಗಕ್ಕೆ ತುಂಬುಸಾಮಾನು ಸುರಿದರು. ಮ್ಯಾಂಚೆಸ್ಟರಿನ ವೇದಿಕೆಯಲ್ಲಿ ಈ ಆಲ್ಬಂ ನುಡಿಸುವಾಗ ನಡುವೆ ಕರಿ ತಿಂದದ್ದನ್ನು ಅವರೇ ಹೇಳಿಕೊಂಡಿದ್ದಾರೆ. 1974ರಲ್ಲಿ ತಂಡ ಬಿಟ್ಟರು. ಸಿಡಿ ಆಗಲೇ ಇದ್ದಿದ್ದರೆ ಇದು ಚೊಕ್ಕವಾದ 50-55 ನಿಮಿಷದ ಕೃತಿಯಾಗುತ್ತಿತ್ತು ಎಂಬ ಮಾತು ಕೇಳುಗರಲ್ಲಿ ಬೇರೂರಿದ್ದು ಈ ವಾದದಿಂದಲೇ. ಇದಕ್ಕೆ ತದ್ವಿರುದ್ಧವಾದ ಒಂದು ಸಂಗತಿಯನ್ನೂ ಗಮನಿಸಬೇಕು. ಮೊದಲ ಬದಿಗೆ ಸುಮಾರು ಎರಡು ನಿಮಿಷದ ಪೀಠಿಕೆ ಮುದ್ರಣವಾಗಿತ್ತು. 1973ರ ತಟ್ಟೆಯಲ್ಲಿ ಅದು ಇರಲಿಲ್ಲ. 2003ರ ಮರುಬಿಡುಗಡೆಯಲ್ಲಿ ಸೇರಿಸಿದಾಗ ಆ ರಚನೆ 20 ಅರೆ ನಿಮಿಷದಿಂದ 22 ನಿಮಿಷ 20 ಸೆಕೆಂಡಿನ ಹತ್ತಿರಕ್ಕೆ ಬಂತು. ಅಲೆಯ ಸದ್ದಿನಿಂದ ನಿಧಾನವಾಗಿ ಏಳುವ ಆ ಪೀಠಿಕೆ ಇದ್ದಾಗ, ಮುಂದಿನ ಸಾಮೂಹಿಕ ಮಂತ್ರದಂಥ ಹಾಡಿಕೆಗೆ ಆಲಾಪದ ನೆಲ ಸಿಗುತ್ತದೆ. ಅಂದರೆ ಇದೇ ಆಲ್ಬಂನಲ್ಲಿ ಒಂದು ಜಾಗ ಉದ್ದವಾದಾಗ ಚೆನ್ನಾಗಿ ಕೇಳಿಸುತ್ತದೆ.

ಶ್ರುತಿ, ಸ್ಮೃತಿ, ಪುರಾಣ, ತಂತ್ರ

ಕನ್ನಡದ ಕೇಳುಗರಿಗೆ ಈ ಆಲ್ಬಂನೊಳಗೆ ಒಂದು ಹಿತ್ತಿಲ ಬಾಗಿಲಿದೆ. 1973ರ ಮಾರ್ಚಿನಲ್ಲಿ ಡ್ರಮ್ ವಾದಕ ಬಿಲ್ ಬ್ರೂಫರ್ಡ್ ಅವರ ಮದುವೆಯ ಔತಣದಲ್ಲಿ, ಕಿಂಗ್ ಕ್ರಿಮ್ಸನ್ ತಂಡದಲ್ಲಿ ತಾಳವಾದ್ಯ ನುಡಿಸಿದ ಜೇಮೀ ಮ್ಯೂರ್, ಯೆಸ್ ಗಾಯಕ ಜಾನ್ ಆ್ಯಂಡರ್ಸನ್‌ಗೆ ಪರಮಹಂಸ ಯೋಗಾನಂದರ ಆತ್ಮಕಥೆಯನ್ನು ಓದುವಂತೆ ಹೇಳಿದರು. ಅದೇ ತಿಂಗಳು ಟೋಕಿಯೋದ ಹೋಟೆಲಿನಲ್ಲಿ ಓದುತ್ತಿದ್ದ ಆ್ಯಂಡರ್ಸನ್ 83ನೇ ಪುಟದ ಒಂದು ಅಡಿಟಿಪ್ಪಣಿಗೆ ಸಿಕ್ಕಿಬಿದ್ದರು. ಶಾಸ್ತ್ರಗಳು ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂದು ನಾಲ್ಕು ಬಗೆ ಎನ್ನುವ ಟಿಪ್ಪಣಿ ಅದು. ನಾಲ್ಕು ಬಗೆಗೆ ನಾಲ್ಕು ಬದಿ ಎಂದು ಅವರು ಲೆಕ್ಕ ಹಾಕಿದರು. (1935ರ ಮೈಸೂರು ಪ್ರವಾಸದ ಅಧ್ಯಾಯ ಇರುವುದೂ ಇದೇ ಪುಸ್ತಕದಲ್ಲಿ.) ಆದ್ದರಿಂದ ತುಂಬುಸಾಮಾನಿನ ದೂರು ಹೇಳುವವರು ಒಪ್ಪಿಕೊಳ್ಳಬೇಕಾದದ್ದು ಒಂದಿದೆ: ಯೋಜನೆಯೇ ನಾಲ್ಕರದು. ಮೂರು ಬದಿಗೆ ಇಳಿಸಿದರೆ ಕಲ್ಪನೆ ಕುಂಟುತ್ತದೆ.

ಮೂಲ ಹೊದಿಕೆಯಲ್ಲಿ ಎರಡನೇ ಬದಿಗೆ ‘ಸುರಿತಿ’ ಎಂಬಂಥ ಕಾಗುಣಿತ ಅಚ್ಚಾಗಿದೆ. ಸ್ಮೃತಿ ಎಂಬ ಪದ ಗೊತ್ತಿಲ್ಲದವರಿಗೆ ಅದು ಬರೀ ವಿಚಿತ್ರ ಹೆಸರು. ಗೊತ್ತಿರುವವರು ರಚನೆಯ ಹೆಸರನ್ನು ನೋಡಿದ ಕೂಡಲೇ ಕಂಡುಕೊಳ್ಳುತ್ತಾರೆ: ‘ದಿ ರಿಮೆಂಬರಿಂಗ್’, ನೆನೆಯುವುದು. ಮೊದಲ ಬದಿಯ ‘ದಿ ರಿವೀಲಿಂಗ್ ಸೈನ್ಸ್ ಆಫ್ ಗಾಡ್’ ಪ್ರಕಟವಾದದ್ದು, ಕಿವಿಗೆ ಬಿದ್ದದ್ದು. ಎರಡನೆಯದು ನೆನಪಿನಲ್ಲಿ ಉಳಿದದ್ದು. ಮೂರನೆಯ ‘ದಿ ಏನ್ಶಿಯಂಟ್’ ಹಳೆಯ ಕಥೆ. ನಾಲ್ಕನೆಯ ‘ರಿಚುವಲ್’ ಆಚರಣೆ. ಎಲ್ಲಕ್ಕಿಂತ ಹೆಚ್ಚು ಬೈಸಿಕೊಳ್ಳುವುದು ಎರಡನೇ ಬದಿ. ಅದು ನಿಧಾನ, ಅದೇ ಪಲ್ಲವಿ ಮತ್ತೆ ಮತ್ತೆ ತೇಲಿ ಬರುತ್ತದೆ ಎಂಬುದು ದೂರು. ಆದರೆ ನೆನಪು ನಡೆಯುವುದು ಹಾಗೆಯೇ. ಪ್ರತಿ ಸಲ ಮರಳಿದಾಗಲೂ ಹಿಂದೆ ಮೆಲ್ಲೋಟ್ರಾನ್ (ಟೇಪಿನಲ್ಲಿ ಮುದ್ರಿಸಿದ ವಾದ್ಯಗಳ ದನಿಯನ್ನು ಕೀಲಿಮಣೆಯಿಂದ ನುಡಿಸುವ ವಾದ್ಯ) ಮತ್ತು ಸಿಂಥಸೈಜರಿನ ಬಣ್ಣ ಎಷ್ಟು ಬದಲಾಗಿದೆ ಎಂದು ಹಿಡಿಯುತ್ತಾ ಹೋದರೆ ಈ ಬದಿ ಬಾಯಿಬಿಡುತ್ತದೆ. ಅದನ್ನು ನುಡಿಸಿದವರು ಇಡೀ ಆಲ್ಬಂ ಬೇಡವೆಂದ ವೇಕ್‌ಮನ್ ಅವರೇ. ನಿಜವಾಗಿ ಸಡಿಲವಾದದ್ದು ಮೂರನೆಯದು. ಸ್ಟೀವ್ ಹೌ ಅವರ ಸ್ಟೀಲ್ ಗಿಟಾರು ಮತ್ತು ತಾಳವಾದ್ಯಗಳ ಗುದ್ದಾಟ ಹತ್ತು ನಿಮಿಷಕ್ಕೂ ಮೀರಿ ಎಳೆಯುತ್ತದೆ, ಅದಾದ ಮೇಲೆ ಬರುವ ಅಕೌಸ್ಟಿಕ್ ಗಿಟಾರಿನ ಹಾಡು ಇಡೀ ಬದಿಯನ್ನು ಕಾಪಾಡುತ್ತದೆ. ಕತ್ತರಿ ಹಾಕಲೇಬೇಕೆಂದರೆ ಅಲ್ಲಿ ಹಾಕಬಹುದು.

ಮಾಡಿದವರೇ ಒಪ್ಪದಾಗ

ಪಿಂಕ್ ಫ್ಲಾಯ್ಡ್‌ನ ‘ಆ್ಯಟಮ್ ಹಾರ್ಟ್ ಮದರ್’ (1970) ಬ್ರಿಟನ್ನಿನಲ್ಲಿ ತಂಡದ ಮೊದಲ ನಂಬರ್ ಒನ್. ಹೊದಿಕೆಯ ಮೇಲೆ ಒಂದು ಹಸು ಮಾತ್ರ, ತಂಡದ ಹೆಸರೂ ಇಲ್ಲ. ಇದನ್ನು ತೆಗಳುವವರಲ್ಲಿ ಮುಂದಿನ ಸಾಲಿನವರು ತಂಡದವರೇ ಆದ ರೋಜರ್ ವಾಟರ್ಸ್ ಮತ್ತು ಡೇವಿಡ್ ಗಿಲ್ಮರ್ ಇಬ್ಬರೂ. ಹೀಗಾಗಿ ಇದನ್ನು ಮೆಚ್ಚುವುದೇ ಒಪ್ಪದ ಮಾತಾಗಿಬಿಟ್ಟಿದೆ.

ಮೊದಲ ಬದಿಯನ್ನು ತುಂಬುವ 23 ಮುಕ್ಕಾಲು ನಿಮಿಷದ ರಚನೆ ಎಲ್ಲಿ ಎಡವುತ್ತದೆ ಎಂದು ಕೇಳಿ ನೋಡಿದರೆ ಉತ್ತರ ಸ್ಟುಡಿಯೋದಲ್ಲಿದೆ. ರೆಕಾರ್ಡ್ ಕಂಪನಿ ಇಎಮ್‌ಐ ಆಗಷ್ಟೇ ಎಂಟು ಟ್ರ್ಯಾಕ್‌ನ, ಅಂದರೆ ಎಂಟು ದನಿಗಳನ್ನು ಬೇರೆ ಬೇರೆಯಾಗಿ ಮುದ್ರಿಸುವ, ಯಂತ್ರ ತರಿಸಿತ್ತು. ಅದರ ಒಂದಂಗುಲದ ಟೇಪಿನ ಬಳಕೆಗೆ ಮಿತಿ ಇತ್ತು, ಟೇಪನ್ನು ಕತ್ತರಿಸಿ ಜೋಡಿಸುವಂತಿರಲಿಲ್ಲ. ಆದ್ದರಿಂದ ವಾಟರ್ಸ್ ಮತ್ತು ಡ್ರಮ್ ವಾದಕ ನಿಕ್ ಮೇಸನ್ ಇಡೀ ರಚನೆಯ ಬೇಸ್ ಮತ್ತು ಡ್ರಮ್ ಅನ್ನು ಒಂದೇ ಉಸಿರಿನಲ್ಲಿ ನುಡಿಸಬೇಕಾಯಿತು. ಇಪ್ಪತ್ತಕ್ಕೂ ಹೆಚ್ಚು ನಿಮಿಷ ಲಯ ಒಂದೇ ಸಮ ನಿಲ್ಲಿಸುವುದು ಕಷ್ಟ; ಕಾಲಪ್ರಮಾಣ ಅಲ್ಲಲ್ಲಿ ಓಡಿತು, ಅಲ್ಲಲ್ಲಿ ಜಗ್ಗಿತು. ಆಮೇಲೆ ಸಂಗೀತ ಸಂಯೋಜಕ ರಾನ್ ಗೀಸಿನ್ ಬರೆದ ಹಿತ್ತಾಳೆ ವಾದ್ಯಗಳ ಮತ್ತು ಗಾಯನವೃಂದದ ಭಾಗಗಳನ್ನು ಈ ಓಲಾಡುವ ನೆಲದ ಮೇಲೆ ಕೂರಿಸಬೇಕಾಯಿತು. ಹಿತ್ತಾಳೆ ವಾದ್ಯಗಳು ಒಂದು ಕೂದಲಷ್ಟು ಹಿಂದೆ ಬಿದ್ದಂತೆ ಕೇಳಿಸುವ ಕಡೆಗಳೆಲ್ಲ ಈ ಕ್ರಮದ ಫಲ. ಇಷ್ಟು ತಿಳಿದು ಕೇಳಿದರೆ ರಚನೆಯ ಕಲ್ಪನೆ ದೊಡ್ಡದು, ಮುದ್ರಣದ ಪಾಯ ಮಾತ್ರ ಅಲುಗುವಂಥದ್ದು ಎಂದು ಎರಡನ್ನೂ ಬಿಡಿಸಿ ಹೇಳಬಹುದು. ಗಾಯನವೃಂದ ಮೆಲ್ಲಗೆ ಏರುತ್ತಾ ಹೋಗುವ ಭಾಗ ತಂಡದ ಒಳ್ಳೆಯ ಕ್ಷಣಗಳಲ್ಲಿ ಒಂದು.

ಫ್ಲಾಯ್ಡ್ ವಿಷಯದಲ್ಲಿ ಇನ್ನೊಂದು ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ: ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಪ್ರಾಗ್ ಅಲ್ಲವೇ ಅಲ್ಲ. ‘ಮನಿ’ ಹಾಡಿನ ಬೇಸ್ ಏಳರ ಎಣಿಕೆಯದು, ನಮ್ಮ ಮಿಶ್ರ ಛಾಪುವಿನಷ್ಟೇ ಅಕ್ಷರ. ಸ್ಯಾಕ್ಸೊಫೋನ್ ಅದೇ ಏಳರ ಮೇಲೆ ನುಡಿಯುತ್ತದೆ, ಗಿಟಾರಿನ ಸರದಿ ಬಂದಾಗ ತಂಡ ನಾಲ್ಕಕ್ಕೆ ಹೊರಳುತ್ತದೆ. ತಾಳ ಬೆಸವಾದ ಮಾತ್ರಕ್ಕೆ ಪ್ರಾಗ್ ಆಗುವುದಿಲ್ಲ ಎಂಬುದು ಸರಿಯೇ. ಆದರೆ ಹಾಡಿನಿಂದ ಹಾಡಿಗೆ ಬಿರುಕಿಲ್ಲದೆ ಸಾಗುವ ಬದಿ, ಒಂದೇ ವಿಷಯವನ್ನು ಹುಟ್ಟಿನಿಂದ ಹುಚ್ಚಿನವರೆಗೆ ಎಳೆದ ಸೂತ್ರ, ಇವನ್ನು ಬಿಟ್ಟು ಈ ಪ್ರಕಾರಕ್ಕೆ ಬೇರೆ ಯಾವ ಲಕ್ಷಣ ಉಳಿಯುತ್ತದೆ?

ಮಿಕ್ಸ್ ಬದಲಾದರೆ ತೀರ್ಪೂ ಬದಲಾಗುತ್ತದೆ

ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಂ ‘ಇನ್ ದಿ ಕೋರ್ಟ್ ಆಫ್ ದಿ ಕ್ರಿಮ್ಸನ್ ಕಿಂಗ್’ (ಅಕ್ಟೋಬರ್ 1969) ಈ ಪ್ರಕಾರದ ಮೂಲಸ್ತಂಭ. ಇದರಲ್ಲಿ ಒಡಕಿನ ಜಾಗ ಒಂದೇ: 12 ನಿಮಿಷದ ‘ಮೂನ್‌ಚೈಲ್ಡ್’. ಮೊದಲ ಎರಡೂವರೆ ನಿಮಿಷ ಚೆಲುವಾದ ಹಾಡು; ಉಳಿದದ್ದು ಗಿಟಾರು, ವೈಬ್ರಫೋನ್, ಡ್ರಮ್‌ಗಳ ಪಿಸುಮಾತಿನಂಥ ಮನೋಧರ್ಮ. ದಾಟಿಸಿ ಮುಂದೆ ಹೋಗುವವರ ಸಂಖ್ಯೆ ದೊಡ್ಡದು. 2009ರಲ್ಲಿ 40ನೇ ವರ್ಷದ ಆವೃತ್ತಿ ಸಿದ್ಧಪಡಿಸುವಾಗ ಸ್ವತಃ ತಂಡದ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಇದರಿಂದ ಸುಮಾರು ಮೂರು ನಿಮಿಷ ಕತ್ತರಿಸಿದ ರೂಪವನ್ನು ಮುಂದಿಟ್ಟರು. ಈ ಭಾಗ ಉದ್ದವಾಯಿತೆಂಬ ಮಾತು ಆಮೇಲೆ ದೂಷಣೆಯಾಗಿ ಉಳಿಯಲಿಲ್ಲ. ಆದರೂ ಪೂರ್ತಿ ರೂಪವೇ ಉತ್ತಮ ಎನ್ನಲು ಕಾರಣವಿದೆ: ಆ ನಿಶ್ಶಬ್ದ ಅಷ್ಟು ಹೊತ್ತು ಹಬ್ಬಿದ್ದರೇ ಶೀರ್ಷಿಕೆ ಗೀತೆಯ ಮೆಲ್ಲೋಟ್ರಾನ್ ಗೋಡೆಯಂತೆ ಎದ್ದು ನಿಲ್ಲುವುದು.

ಅದೇ ತಂಡದ ‘ಲಿಜರ್ಡ್’ (ಡಿಸೆಂಬರ್ 1970) ಕಥೆ ಇನ್ನೂ ಬೋಧಪ್ರದ. ಕೀತ್ ಟಿಪೆಟ್ ಅವರ ಜಾಜ್ ಪಿಯಾನೊ, ಓಬೊ, ಕಾರ್ನೆಟ್, ಟ್ರೊಂಬೋನ್, ಮೇಲೆ ಮೆಲ್ಲೋಟ್ರಾನ್. ಶೀರ್ಷಿಕೆ ರಚನೆಯ ಮೊದಲ ಭಾಗಕ್ಕೆ ಯೆಸ್‌ನ ಜಾನ್ ಆ್ಯಂಡರ್ಸನ್ ದನಿ. 1970ರ ಮಿಕ್ಸ್‌ನಲ್ಲಿ ಇವೆಲ್ಲ ಒಂದರ ಮೇಲೊಂದು ಒಟ್ಟಿದಂತೆ ಕೇಳುತ್ತಿದ್ದವು. ಈ ಕೂಟ ಒಂದು ಕಛೇರಿಯನ್ನೂ ಕೊಡದೆ ಚದುರಿತು, ಫ್ರಿಪ್ ಅವರಿಗೇ ಆಲ್ಬಂ ಬೇಡವಾಗಿತ್ತು. 2009ರಲ್ಲಿ ಸಂಗೀತಗಾರ ಸ್ಟೀವನ್ ವಿಲ್ಸನ್ ಮೂಲ ಟೇಪುಗಳಿಂದ ಹೊಸ ಮಿಕ್ಸ್ ಮಾಡಿದಾಗ ಪ್ರತಿ ವಾದ್ಯಕ್ಕೂ ಉಸಿರಾಡಲು ಜಾಗ ಸಿಕ್ಕಿತು. ಫ್ರಿಪ್ ಅವರ ಅಭಿಪ್ರಾಯವೂ ಆಮೇಲೆ ಬದಲಾಯಿತು.

ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ರೀಮಾಸ್ಟರ್ ಎಂದರೆ ಸಿದ್ಧವಾದ ಎರಡು ಚಾನೆಲ್‌ನ ಮುದ್ರಣದ ದನಿಮಟ್ಟ ಮತ್ತು ಬಣ್ಣ ತಿದ್ದುವುದು. ಹೂತುಹೋದ ಓಬೊವನ್ನು ಅದು ಮೇಲಕ್ಕೆ ಎತ್ತಲಾರದು. ರೀಮಿಕ್ಸ್ ಎಂದರೆ ಪ್ರತಿ ವಾದ್ಯದ ಟ್ರ್ಯಾಕ್‌ಗೆ ಹಿಂತಿರುಗಿ ಮೊದಲಿನಿಂದ ಹದ ಮಾಡುವುದು. ಎಂಟು ಟ್ರ್ಯಾಕ್ ಸಾಲದಾಗ ಹಲವು ಟ್ರ್ಯಾಕ್‌ಗಳನ್ನು ಒಂದಕ್ಕೆ ಇಳಿಸಿ ಜಾಗ ಮಾಡಿಕೊಳ್ಳುತ್ತಿದ್ದರು, ಪ್ರತಿ ಇಳಿಕೆಗೂ ಟೇಪಿನ ಹಿಸ್ಸು ಕೂಡುತ್ತಿತ್ತು, ಮಂಕು ಕವಿಯುತ್ತಿತ್ತು. ಇಳಿಸುವ ಮುಂಚಿನ ಟೇಪುಗಳು ಸಿಕ್ಕಿದರೆ ಇಂದಿನ ರೀಮಿಕ್ಸ್ ಆ ನಷ್ಟವನ್ನು ತಪ್ಪಿಸುತ್ತದೆ. ‘ಲಿಜರ್ಡ್ ಗಜಿಬಿಜಿ’ ಎನ್ನುವವರು ಯಾವ ಮಿಕ್ಸ್ ಕೇಳಿದ್ದಾರೆ ಎಂದು ಮೊದಲು ವಿಚಾರಿಸಬೇಕು. ವಿಲ್ಸನ್ ‘ಟೇಲ್ಸ್’ ಅನ್ನೂ 2016ರಲ್ಲಿ ರೀಮಿಕ್ಸ್ ಮಾಡಿದ್ದಾರೆ.

ಸಾಹಿತ್ಯ ತುಂಬಿ ಚೆಲ್ಲಿದರೆ

ಮಿಕ್ಸ್‌ನಿಂದ ಸರಿಹೋಗದ ದೋಷಗಳೂ ಇವೆ. ಜೆನೆಸಿಸ್‌ನ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದಿ ಪೌಂಡ್’ (1973) ಹಲವರ ಪಟ್ಟಿಯಲ್ಲಿ ಮೊದಲನೆಯದು. ಅದರಲ್ಲಿರುವ ಸುಮಾರು 12 ನಿಮಿಷದ ‘ದಿ ಬ್ಯಾಟಲ್ ಆಫ್ ಎಪಿಂಗ್ ಫಾರೆಸ್ಟ್’ ದಣಿಸುತ್ತದೆ ಎಂದರೆ ಅಭಿಮಾನಿಗಳು ಕೆರಳುತ್ತಾರೆ. ಆದರೆ ದಣಿಸುವುದು ನಿಜ, ಕಾರಣ ಕೆಲಸದ ಕ್ರಮದಲ್ಲಿದೆ. ತಂಡ ಸಂಗೀತವನ್ನು ಪೂರ್ತಿ ಕಟ್ಟಿ ಮುಗಿಸಿತು, ಅದೇ ಬಹಳ ನಿಬಿಡವಾಗಿತ್ತು. ಗಾಯಕ ಪೀಟರ್ ಗೇಬ್ರಿಯಲ್ ಲಂಡನ್ನಿನ ಪೂರ್ವಭಾಗದ ಗೂಂಡಾ ಗುಂಪುಗಳ ಕಾದಾಟದ ಮೇಲೆ ಪಾತ್ರಕ್ಕೊಂದು ದನಿ ಮಾಡಿ ಸಾಲುಗಟ್ಟಲೆ ಮಾತು ಬರೆದರು, ಅದು ಬಂದು ಕೂತದ್ದು ಆಮೇಲೆ. ಕೀರ್ತನೆಯಲ್ಲಿ ಸ್ವರಕ್ಕೊಂದು ಅಕ್ಷರ ತುರುಕಿದರೆ ಸಂಗತಿಗಳಿಗೆ ಎಡೆ ಉಳಿಯದು; ಇಲ್ಲಿ ಆದದ್ದು ಅದೇ. ತಂಡದವರೂ ಇದನ್ನು ಒಪ್ಪಿಕೊಂಡಿದ್ದಾರೆ. ಅದೇ ಆಲ್ಬಂನ ‘ಫರ್ತ್ ಆಫ್ ಫಿಫ್ತ್’ನಲ್ಲಿ ಸ್ಟೀವ್ ಹ್ಯಾಕೆಟ್ ಅವರ ಗಿಟಾರಿಗೆ ಸಿಕ್ಕ ಬಯಲನ್ನು ಇದರ ಜೊತೆ ಒಮ್ಮೆಯಾದರೂ ಇಟ್ಟು ಕೇಳಬೇಕು.

ಜೆತ್ರೋ ಟಲ್‌ನ ‘ಥಿಕ್ ಆ್ಯಸ್ ಎ ಬ್ರಿಕ್’ (1972) ಮತ್ತು ‘ಎ ಪ್ಯಾಶನ್ ಪ್ಲೇ’ (1973) ಎರಡೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿದವು, ಎರಡೂ ಇಡೀ ತಟ್ಟೆಗೆ ಒಂದೇ ರಚನೆ. ಮೊದಲನೆಯದು ಎಲ್ಲರ ಮುದ್ದು, ಎರಡನೆಯದನ್ನು ವಿಮರ್ಶಕರು ಹರಿದು ಹಾಕಿದರು. ಫ್ರಾನ್ಸಿನಲ್ಲಿ ಮುದ್ರಿಸಿದ್ದನ್ನು ಕೈಬಿಟ್ಟು ಲಂಡನ್ನಿನಲ್ಲಿ ಅವಸರದಲ್ಲಿ ಹೊಸದಾಗಿ ಕಟ್ಟಿದ ಆಲ್ಬಂ ಅದು. ಕಿವಿಗೆ ಹಿಡಿಯುವ ಮೊದಲ ಮಟ್ಟು ಸಿಗುವುದೇ ತಡ, ಅದು ಮಾಯ. ‘ಎ ಪ್ಯಾಶನ್ ಪ್ಲೇ’ ಮೇಲು ಎನ್ನುವವರ ಜೊತೆ ನಿಲ್ಲುವುದು ಕಷ್ಟ, ಆದರೂ ಅವರು ಬದಿ ಎರಡನ್ನು ಆಧಾರವಾಗಿ ಕೊಟ್ಟರೆ ಕೂತು ಕೇಳಬೇಕು.

ಕೇಳುವ ಕ್ರಮ

ಇಂಥ ಒಂದು ಮಾತನ್ನು ಪರೀಕ್ಷಿಸಲು ಕೆಲವು ಸಂಜೆ ಸಾಕು. ಸ್ಟ್ರೀಮಿಂಗ್‌ನಲ್ಲಿ ಕೇಳುವುದಾದರೆ ಶಫಲ್ (ಹಾಡುಗಳ ಕ್ರಮ ಕಲಸುವುದು) ಮತ್ತು ಕ್ರಾಸ್‌ಫೇಡ್ (ಒಂದರ ಕೊನೆಯನ್ನು ಮುಂದಿನದರ ಆರಂಭದೊಂದಿಗೆ ಬೆರೆಸುವುದು) ಎರಡನ್ನೂ ನಿಲ್ಲಿಸಿ. ಹಾಡುಗಳ ನಡುವೆ ಬಿಡುವಿಲ್ಲದೆ ಸಾಗುವ ಆಯ್ಕೆಯನ್ನು ಹಾಕಿ, ಇಲ್ಲವಾದರೆ ಒಂದರೊಳಗೊಂದು ಬೆರೆಯುವ ಜಾಗಗಳಲ್ಲಿ ಟಕ್ಕನೆ ಕಡಿದಂತಾಗುತ್ತದೆ. ಹೆಸರಿನ ಪಕ್ಕ ರೀಮಿಕ್ಸ್ ಎಂದಿದೆಯೋ ರೀಮಾಸ್ಟರ್ ಎಂದಿದೆಯೋ ನೋಡಿ. ಕೊನೆಯಲ್ಲಿ ಅಂಟಿಸಿದ ಬೋನಸ್ ಹಾಡುಗಳನ್ನು ತೆಗೆದುಹಾಕಿ. ಮೂಲ ಆಲ್ಬಂ ಮುಗಿದ ಜಾಗದಲ್ಲಿ ಮೌನ ಇರಬೇಕು. ಬದಿ ಮುಗಿದ ಕಡೆ ಐದು ನಿಮಿಷ ನಿಲ್ಲಿ. ‘ಟೇಲ್ಸ್’ 81 ನಿಮಿಷ ಒಂದೇ ಸಮ ಕೇಳಿ ಬೇಸತ್ತವರು ಅದನ್ನು ಯಾರೂ ಯೋಜಿಸದ ರೀತಿಯಲ್ಲಿ ಕೇಳಿದ್ದಾರೆ. ದಿನಕ್ಕೊಂದು ಬದಿ ಅದಕ್ಕೆ ತಕ್ಕ ಅಳತೆ. ಮೊದಲ ಸಲ ಏನೂ ಬರೆದುಕೊಳ್ಳದೆ ಕೇಳಿ, ಎರಡನೇ ಸಲ ಗಮನ ಚದುರಿದ ನಿಮಿಷವನ್ನು ಗುರುತು ಹಾಕಿ, ಮೂರನೇ ಸಲ ಆ ಗುರುತಿಗೆ ಎರಡು ನಿಮಿಷ ಮುಂಚಿನಿಂದ ಮಾತ್ರ ಕೇಳಿ. ಬಹಳ ಸಲ ದೋಷ ಗುರುತಿನ ಜಾಗದಲ್ಲಿ ಇರುವುದಿಲ್ಲ. ಅದಕ್ಕೆ ಮುಂಚಿನ ತಿರುವು ದುರ್ಬಲವಾಗಿರುತ್ತದೆ.

ಗಾಯಕ ಬದಲಾದ ಆಲ್ಬಂಗಳಿಗೆ ಇದು ಹೆಚ್ಚು ಅಗತ್ಯ. ಆ್ಯಂಡರ್ಸನ್ ಇಲ್ಲದೆ ಟ್ರೆವರ್ ಹಾರ್ನ್ ಹಾಡಿದ ಯೆಸ್‌ನ ‘ಡ್ರಾಮಾ’ (1980) ಮೊದಲು ತಿರಸ್ಕಾರ ಕಂಡಿತು. ಈಗ ‘ಮಶೀನ್ ಮೆಸ್ಸಾಯ’, ‘ಟೆಂಪಸ್ ಫ್ಯೂಜಿಟ್’ಗಳಲ್ಲಿ ಕ್ರಿಸ್ ಸ್ಕ್ವೈರ್ ಅವರ ಬೇಸ್ ಕೇಳಿದವರು ಅದನ್ನು ಹಾಗೆ ತಳ್ಳಿಹಾಕಲಾರರು. ಇದೇ ವರ್ಷದ ಜೆನೆಸಿಸ್‌ನ ‘ಡ್ಯೂಕ್’ಗೆ ಪಾಪ್ ಎಂಬ ಹಣೆಪಟ್ಟಿ ಅಂಟಿದೆ. ಗೇಬ್ರಿಯಲ್ ಬದಲು ಫಿಲ್ ಕಾಲಿನ್ಸ್ ಹಾಡಿದ ‘ಟರ್ನ್ ಇಟ್ ಆನ್ ಅಗೇನ್’ ಬ್ರಿಟನ್ನಿನ ಮೊದಲ ಹತ್ತರೊಳಗೆ ಬಂದ ಜನಪ್ರಿಯ ಹಾಡು. ತಾಳ ಹಾಕಿ ನೋಡಿದರೆ ಚರಣದ ಸುತ್ತು ಆರು ಕೂಡಿಸು ಏಳು, ಹದಿಮೂರು. ಕುಣಿಯಲು ಎದ್ದವರ ಕಾಲು ತಪ್ಪುವುದು ಅದಕ್ಕೇ.

ಇನ್ನೂ ಮುಖ್ಯವಾದದ್ದು ಹಾಡುಗಳ ಕ್ರಮ. ಆಲ್ಬರ್ಟ್ ಎಂಬ ಪಾತ್ರದ ಸುತ್ತ ಸುಮಾರು ಅರ್ಧ ಗಂಟೆಯ ಒಂದೇ ರಚನೆಯಾಗಿ ‘ಡ್ಯೂಕ್’ನ ಕೆಲವು ಹಾಡುಗಳನ್ನು ಯೋಚಿಸಲಾಗಿತ್ತು. ತಮ್ಮದೇ 1972ರ ದೀರ್ಘ ರಚನೆ ‘ಸಪ್ಪರ್ಸ್ ರೆಡಿ’ ಜೊತೆ ಹೋಲಿಕೆ ಬಂದೀತೆಂದು ತಂಡ ಅದನ್ನು ಬಿಡಿಸಿ ಆಲ್ಬಂ ತುಂಬ ಹಂಚಿತು. 1980ರ ಪ್ರವಾಸದಲ್ಲಿ ಮಾತ್ರ ಒಟ್ಟಿಗೆ ನುಡಿಸಿತು. ಪ್ಲೇಲಿಸ್ಟ್ ಒಂದನ್ನು ಹೀಗೆ ಮಾಡಿಕೊಳ್ಳಬಹುದು: ಆಲ್ಬಂನ ಮೊದಲ ಮೂರು ಹಾಡು ‘ಬಿಹೈಂಡ್ ದಿ ಲೈನ್ಸ್’, ‘ಡಚೆಸ್’, ‘ಗೈಡ್ ವೋಕಲ್’, ಆಮೇಲೆ ಏಳನೆಯದಾದ ‘ಟರ್ನ್ ಇಟ್ ಆನ್ ಅಗೇನ್’, ಕೊನೆಗೆ ಹನ್ನೊಂದು ಮತ್ತು ಹನ್ನೆರಡನೆಯ ‘ಡ್ಯೂಕ್ಸ್ ಟ್ರಾವೆಲ್ಸ್’, ‘ಡ್ಯೂಕ್ಸ್ ಎಂಡ್’. ಒಟ್ಟು ಸುಮಾರು 28 ನಿಮಿಷ. ಮೂರನೇ ಹಾಡಿನಲ್ಲಿ ಒಂಟಿಯಾಗಿ, ಮೆತ್ತಗೆ ಬಂದ ಒಂದೂವರೆ ನಿಮಿಷದ ಮಟ್ಟು ಐದನೆಯದರ ಕೊನೆಯ ಹೊತ್ತಿಗೆ ಅದೇ ಮಾತುಗಳೊಂದಿಗೆ, ಇಡೀ ತಂಡದ ಡ್ರಮ್ ಮತ್ತು ಗಿಟಾರಿನ ಮೇಲೆ ಕಾಲಿನ್ಸ್‌ರ ಎತ್ತರದ ದನಿಯಲ್ಲಿ ಮರಳಿ ಬರುತ್ತದೆ. ಅದು ಮುಗಿಯುವಷ್ಟರಲ್ಲಿ ಮೊದಲ ಹಾಡಿನ ಆರಂಭದ ಸ್ವರಗಳು ‘ಡ್ಯೂಕ್ಸ್ ಎಂಡ್’ ಆಗಿ ಬಾಗಿಲು ಮುಚ್ಚುತ್ತವೆ.